ಮಿರಗದ ಲೆಕ್ಕ, ಹೊಗೆಯ ಲೆಕ್ಕ

ಹಾನಗಲ್ ತಾಲೂಕಿನ ನಮ್ಮೂರಿನ ಮನೆಯಲ್ಲಿ, ಪಡಸಾಲೆಯ ಗೂಟಕ್ಕೆ ಹಳೆಯ ಪಂಚಾಂಗಗಳ ಒಂದು ಕಟ್ಟು ತೂಗುಬಿದ್ದಿದೆ. ವರ್ಷ ಕಳೆದ ಪಂಚಾಂಗವನ್ನು ದೊಡ್ಡಪ್ಪ ಎಸೆಯುವುದಿಲ್ಲ. ಪುಟಗಳ ಅಂಚಿನಲ್ಲಿ ಸೀಸದಕಡ್ಡಿಯಿಂದ ಬರೆದ ಸಣ್ಣ ಸಣ್ಣ ಗುರುತುಗಳಿವೆ. ರೋಹಿಣಿಗೆ ಕೂರಿಗೆ ಹೂಡಿ ಭತ್ತ ಬಿತ್ತಿದ್ದು, ಮಿರಗದ (ಮೃಗಶಿರದ) ಮಳೆ ಕೈಕೊಟ್ಟಿದ್ದು, ಹುಬ್ಬಿ ಮಳೆ ಬಿಡದೆ ಹೊಡೆದದ್ದು, ಮಾವು ಹೂಬಿಟ್ಟ ಹೊತ್ತಿಗೆ ಮೋಡ ಕವಿದು ಹೂವೆಲ್ಲ ಕರಕಲಾದದ್ದು, ಎಲ್ಲವೂ ಅಲ್ಲಿವೆ. ಕಳೆದ ಬಾರಿ ಊರಿಗೆ ಹೋದಾಗ ಆ ಕಟ್ಟನ್ನು ಬಿಚ್ಚಿ ಕೂತಿದ್ದೆ. ಭೂಮಿ ಬಿಸಿಯಾಗುತ್ತಿರುವುದರ ಬಗ್ಗೆ ಬರೆಯಬೇಕೆಂದಿದ್ದೇನೆ ಎಂದೆ. ದೊಡ್ಡಪ್ಪ ಎಲೆಗೆ ಸುಣ್ಣ ಸವರುತ್ತ ಹೇಳಿದರು: “ಹಿಂದೂ ಬರ ಬಿದ್ದಿತ್ತು, ಹೊಳಿ ಬಂದಿತ್ತು. ಈಗೂ ಅದ ನಡದೈತಿ. ಕಾಲಚಕ್ರ ಅಂದ್ರ ಹಂಗ ತಮ್ಮಾ. ಇದರಾಗ ಮನಷಾರದ ಏನೈತಿ?”

ಈ ಪ್ರಶ್ನೆಯನ್ನು ನಾನು ಹಗುರವಾಗಿ ತೆಗೆದುಕೊಳ್ಳಲಾರೆ. ಹಿರೇಕೆರೂರಿನ ಗೋವಿನಜೋಳದ ಹೊಲದಲ್ಲಿ, ಸವಣೂರಿನ ಎಲೆಬಳ್ಳಿ ತೋಟದಲ್ಲಿ, ಶಿಗ್ಗಾಂವಿಯ ಸಂತೆಯಲ್ಲಿ ನೀವು ಯಾರನ್ನೇ ಕೇಳಿ, ಮಳೆಗಾಲ ಮೊದಲಿನಂತಿಲ್ಲ ಎನ್ನುತ್ತಾರೆ. ಯಾಕೆ ಎಂದು ಕೇಳಿದರೆ ಬಹಳ ಮಂದಿಯ ಉತ್ತರ ದೊಡ್ಡಪ್ಪನದೇ. ಎಪ್ಪತ್ತು ಮಳೆಗಾಲ ಕಂಡವರು ಚಕ್ರ ಎಂದರೆ ಆ ಮಾತಿನ ಹಿಂದೆ ಅನುಭವವಿರುತ್ತದೆ. ಹಾಗಾಗಿ ಮೊದಲು ಅವರ ಚಕ್ರವನ್ನೇ ನೋಡೋಣ.

ಬರ ಈ ನೆಲಕ್ಕೆ ಹೊಸದಲ್ಲ ಎಂಬುದು ನೂರಕ್ಕೆ ನೂರು ನಿಜ. 1876ರಿಂದ 78ರವರೆಗೆ ಬಿದ್ದ ಬರವನ್ನು ಹಳೆಯ ಮೈಸೂರಿನ ಕಡೆ ಇಂದಿಗೂ ಸಂವತ್ಸರಗಳ ಹೆಸರಿನಿಂದ ಧಾತು ಈಶ್ವರ ಬರ ಎಂದೇ ಕರೆಯುತ್ತಾರೆ. ಮದ್ರಾಸು, ಮುಂಬಯಿ ಆಧಿಪತ್ಯಗಳು, ಮೈಸೂರು, ಹೈದರಾಬಾದು ಸೇರಿ ಐವತ್ತು ಲಕ್ಷಕ್ಕೂ ಹೆಚ್ಚು ಜನ ಸತ್ತರು. ನವಾಬರ ಸವಣೂರನ್ನು ಬಿಟ್ಟರೆ ನಮ್ಮ ಈ ಸೀಮೆ ಆಗ ಮುಂಬಯಿ ಆಧಿಪತ್ಯದ ಧಾರವಾಡದ ಕಡೆಗಿತ್ತು. ಶಿಗ್ಗಾಂವಿ ತಾಲೂಕಿನ ಶಿಶುನಾಳದಲ್ಲಿದ್ದ ಷರೀಫರು ಹುಟ್ಟಿದ್ದು 1819ರಲ್ಲಿ, ತೀರಿದ್ದು 1889ರಲ್ಲಿ. ಅಂದರೆ ಆ ಬರ ಬಿದ್ದಾಗ ಅವರಿಗೆ ಐವತ್ತೇಳು ದಾಟಿತ್ತು. ಅವರ ತತ್ತ್ವಪದಗಳನ್ನು ಕೇಳುವಾಗಲೆಲ್ಲ ನನಗೆ ಇದು ನೆನಪಾಗುತ್ತದೆ: ಸಂಸಾರ ಸುಳ್ಳು ಎಂದು ಹಾಡಿದ ಮನುಷ್ಯ ಕಣಜಗಳು ಬರಿದಾದದ್ದನ್ನು, ದಾರಿಯಲ್ಲಿ ಹೆಣ ಬಿದ್ದದ್ದನ್ನು ಕಂಡ ತಲೆಮಾರಿನವರು.

ಆ ಬರಕ್ಕೆ ಯಾವ ಕಾರ್ಖಾನೆಯ ಹೊಗೆಯೂ ಕಾರಣವಲ್ಲ. 1877ರಲ್ಲಿ ಪೆಸಿಫಿಕ್ ಸಾಗರದ ಸಮಭಾಜಕ ವೃತ್ತದ ಬಳಿಯ ನೀರು ವಿಪರೀತ ಕಾಯ್ದಿತ್ತು. ಇಂದು ನಾವು ಅದನ್ನು ಎಲ್ ನಿನೊ ಎನ್ನುತ್ತೇವೆ. ಅಲ್ಲಿನ ನೀರು ಕಾದಾಗ ಗಾಳಿಯ ಒತ್ತಡದ ತಕ್ಕಡಿ ವಾಲುತ್ತದೆ, ನಮ್ಮ ಮುಂಗಾರು ಸೊರಗುತ್ತದೆ. ಈ ತಕ್ಕಡಿಯನ್ನು ಗುರುತಿಸಿದವರು ಗಿಲ್ಬರ್ಟ್ ವಾಕರ್. 1904ರಿಂದ 1924ರವರೆಗೆ ಭಾರತೀಯ ಹವಾಮಾನ ಇಲಾಖೆಯನ್ನು ನಡೆಸಿದ ಗಣಿತಜ್ಞ. ಭಾರತದಲ್ಲಿ ಮಳೆ ಯಾವಾಗ ಕೈಕೊಡುತ್ತದೆ ಎಂದು ಮುಂಚೆಯೇ ಹೇಳುವ ದಾರಿ ಹುಡುಕುತ್ತ, ಜಗತ್ತಿನ ಮೂಲೆಮೂಲೆಯ ಒತ್ತಡದ ದಾಖಲೆಗಳನ್ನು ರಾಶಿ ಹಾಕಿಕೊಂಡು ಲೆಕ್ಕ ಹಾಕಿಸಿದರು. ಜಗತ್ತಿನ ಹವಾಮಾನ ವಿಜ್ಞಾನದ ಒಂದು ದೊಡ್ಡ ಶೋಧ ಹುಟ್ಟಿದ್ದು ನಮ್ಮ ಬರಗಳ ಒಡಲಿನಿಂದ ಎಂಬುದನ್ನು ನಮ್ಮ ಶಾಲೆಗಳಲ್ಲಿ ಹೇಳಿಕೊಡಬೇಕು.

ಇನ್ನೊಂದು ಮಾತನ್ನೂ ಇಲ್ಲೇ ಹೇಳಿಬಿಡುತ್ತೇನೆ. ಆ ಬರದ ವರ್ಷಗಳಲ್ಲೂ ದೇಶದ ಬಂದರುಗಳಿಂದ ಇಂಗ್ಲೆಂಡಿಗೆ ಧಾನ್ಯ ಹೋಗುತ್ತಲೇ ಇತ್ತು. ಮಳೆ ನಿಂತದ್ದು ಪ್ರಕೃತಿಯಿಂದ, ಹಸಿವು ಅಷ್ಟು ದೂರ ಹಬ್ಬಿದ್ದು ಆಳುವವರಿಂದ. ಕಾರಣಗಳು ಒಂದಕ್ಕಿಂತ ಹೆಚ್ಚು ಇರಬಹುದು, ಅವನ್ನು ಬಿಡಿಸಿ ತೂಗಬಹುದು ಎಂಬ ಪಾಠ ಅಂದಿನಿಂದಲೇ ನಮ್ಮೆದುರು ಇದೆ.

ಈಗ ಚಕ್ರದ ಮಾತು. ನಮ್ಮ ಹಿರಿಯರ ಚಕ್ರ ಅರವತ್ತು ಸಂವತ್ಸರಗಳದು. ಪ್ರಭವದಿಂದ ಅಕ್ಷಯದವರೆಗೆ ಸುತ್ತಿ ಮತ್ತೆ ಪ್ರಭವಕ್ಕೆ ಬರುತ್ತದೆ. ಚಕ್ರ ಎಂದ ಮೇಲೆ ಅದು ತಿರುಗಿ ಬರಬೇಕು. ಅದೇ ಅದರ ಪರೀಕ್ಷೆ. ಧಾತು ಸಂವತ್ಸರ 1996ರಲ್ಲಿ ಮತ್ತೆ ಬಂತು, ಈಶ್ವರ 1997ರಲ್ಲಿ. ಬರ ಬಂತೇ? ದೊಡ್ಡಪ್ಪನ ಕಟ್ಟಿನಲ್ಲಿ ಆ ಎರಡು ಪಂಚಾಂಗಗಳನ್ನು ಹುಡುಕಿ ತೆಗೆದೆವು. ಅಂಚಿನಲ್ಲಿ ಬಿತ್ತಿಗೆ, ಕೊಯ್ಲು, ಒಂದು ಮದುವೆ, ಅಷ್ಟೇ. 1997ರಲ್ಲಿ ಪೆಸಿಫಿಕ್ ಭಾರೀ ಕಾಯ್ದಿದ್ದರೂ ದೇಶದ ಮುಂಗಾರು ಹೆಚ್ಚುಕಡಿಮೆ ವಾಡಿಕೆಯಷ್ಟೇ ಸುರಿಯಿತು. ಧಾರವಾಡದಿಂದ ಬೇರ್ಪಟ್ಟು ಹಾವೇರಿ ಜಿಲ್ಲೆಯಾದದ್ದೂ ಆ ವರ್ಷವೇ. ದೊಡ್ಡಪ್ಪ ಪುಟವನ್ನು ಎರಡು ಸಲ ತಿರುವಿ ನೋಡಿದರು. “ಇದು ಹಂಗಾರ ಅರವತ್ತರ ಚಕ್ರ ಅಲ್ಲ,” ಎಂದರು.

ಆದರೆ ಅದೇ ಪಂಚಾಂಗದ ಒಳಗೆ ನಿಜವಾದ ಒಂದು ಪ್ರಕೃತಿ ಚಕ್ರ ಅಡಗಿ ಕೂತಿದೆ. ನನಗೆ ಈ ಇಡೀ ಚರ್ಚೆಯಲ್ಲಿ ಅತಿ ಹೆಚ್ಚು ಬೆರಗು ಹುಟ್ಟಿಸಿದ್ದು ಇದೇ.

ನಾವು ಮಳೆಗಳನ್ನು ಎಣಿಸುವುದು ಸೂರ್ಯ ಯಾವ ನಕ್ಷತ್ರದಲ್ಲಿದ್ದಾನೆ ಎಂಬುದರ ಮೇಲೆ. ಮೇ ಕೊನೆಗೆ ರೋಹಿಣಿ, ಜೂನ್ 7 ಅಥವಾ 8ಕ್ಕೆ ಮಿರಗ, 21ರ ಸುಮಾರಿಗೆ ಆರಿದ್ರಾ. ಭೂಮಿಯ ಅಕ್ಷ ಸುತ್ತು ಕಳೆದುಕೊಳ್ಳುತ್ತಿರುವ ಬುಗುರಿಯಂತೆ ನಿಧಾನವಾಗಿ ತೂರಾಡುತ್ತದೆ. ಅದರ ಒಂದು ಸುತ್ತಿಗೆ ಸುಮಾರು 26,000 ವರ್ಷ ಬೇಕು. ಇದರಿಂದಾಗಿ ಋತುವಿಗೂ ನಕ್ಷತ್ರಕ್ಕೂ ಇರುವ ನಂಟು ಸರಿಯುತ್ತ ಹೋಗುತ್ತದೆ. ಎಷ್ಟು? ಸುಮಾರು 72 ವರ್ಷಕ್ಕೆ ಒಂದು ದಿನ. ಒಂದು ಇಡೀ ನಕ್ಷತ್ರದಷ್ಟು ಸರಿಯಲು 960 ವರ್ಷ. ಹಾನಗಲ್ಲಿನಲ್ಲಿ ಕದಂಬರು ಆಳುತ್ತಿದ್ದ ಕಾಲದಲ್ಲಿ, ಇಂದು ನಾವು ಮಿರಗದ ಮಳೆ ಎನ್ನುವ ಹೊತ್ತಿನ ಮಳೆಯನ್ನು ಅಂದಿನ ಒಕ್ಕಲಿಗ ಆರಿದ್ರಾ ಮಳೆ ಎಂದಿರುತ್ತಾನೆ. ಮಕರ ಸಂಕ್ರಾಂತಿಯ ಕಥೆಯೂ ಇದೇ. ಒಂದು ಕಾಲಕ್ಕೆ ಸೂರ್ಯ ಉತ್ತರಕ್ಕೆ ತಿರುಗುವ ದಿನವೇ ಆಗಿದ್ದ ಹಬ್ಬ ಈಗ ಮೂರು ವಾರಕ್ಕೂ ಹೆಚ್ಚು ಮುಂದೆ ಸರಿದು ಜನವರಿ 14–15ಕ್ಕೆ ಬಂದಿದೆ.

ಈ ತೂರಾಟ, ಅಕ್ಷದ ವಾಲು 41,000 ವರ್ಷಕ್ಕೊಮ್ಮೆ ಹೆಚ್ಚುಕಡಿಮೆಯಾಗುವುದು, ಭೂಮಿ ಸುತ್ತುವ ದಾರಿ ಒಂದು ಲಕ್ಷ ವರ್ಷದ ಲಯದಲ್ಲಿ ಕೊಂಚ ಅಂಡಾಕಾರ ತಾಳುವುದು, ಈ ಮೂರನ್ನೂ ಸೇರಿಸಿ ಸರ್ಬಿಯಾದ ಮಿಲುಟಿನ್ ಮಿಲಾಂಕೊವಿಚ್ ಕಳೆದ ಶತಮಾನದಲ್ಲಿ ಹಿಮಯುಗಗಳ ಲೆಕ್ಕ ಬಿಡಿಸಿದರು. ಪ್ರಕೃತಿಯ ಚಕ್ರ ಎಂದರೆ ಇದು. ಹಿಮಯುಗ ತಂದದ್ದೂ ಇದೇ, ಕರಗಿಸಿದ್ದೂ ಇದೇ. ಸುಮಾರು ಒಂಬತ್ತು ಸಾವಿರ ವರ್ಷದ ಹಿಂದೆ ನಮ್ಮ ಮುಂಗಾರು ಇಂದಿಗಿಂತ ಬಲವಾಗಿದ್ದುದಕ್ಕೆ, ಸಹಾರಾ ಮರುಭೂಮಿ ಹಸಿರಾಗಿದ್ದುದಕ್ಕೆ ಕಾರಣವೂ ಇದೇ. ಇದರ ಶಕ್ತಿ ಅಪಾರ, ನಡಿಗೆ ಮಾತ್ರ ಬಹಳ ನಿಧಾನ. ಕಳೆದ ಹಿಮಯುಗದಿಂದ ಹೊರಬರುವಾಗ ಭೂಮಿ ಐದಾರು ಡಿಗ್ರಿ ಬೆಚ್ಚಗಾಗಲು ಹತ್ತು ಸಾವಿರ ವರ್ಷದಷ್ಟು ಹಿಡಿಯಿತು. ಅಂದರೆ ಒಂದು ಶತಮಾನಕ್ಕೆ ಸರಾಸರಿ ಅರ್ಧ ಡಿಗ್ರಿಯ ಹತ್ತನೇ ಒಂದು ಪಾಲು. ಈಗ ಒಂದೂವರೆ ಶತಮಾನದೊಳಗೆ ಒಂದು ಡಿಗ್ರಿಗಿಂತ ಹೆಚ್ಚು ಏರಿದೆ, ಅದರಲ್ಲೂ ಹೆಚ್ಚಿನ ಪಾಲು 1970ರ ಈಚೆಗೆ. 2024 ದಾಖಲೆಗಳಲ್ಲೇ ಅತಿ ಬಿಸಿಯ ವರ್ಷ. ಕೈಗಾರಿಕೆಗಳ ಪೂರ್ವದ ಮಟ್ಟಕ್ಕಿಂತ ಸುಮಾರು 1.55 ಡಿಗ್ರಿ ಹೆಚ್ಚು ಎಂದು ವಿಶ್ವ ಹವಾಮಾನ ಸಂಸ್ಥೆ ಲೆಕ್ಕ ಕೊಟ್ಟಿತು. ದೊಡ್ಡಪ್ಪನ ಇಡೀ ಆಯುಷ್ಯದಲ್ಲಿ ಪಂಚಾಂಗದ ಚಕ್ರ ಸರಿದದ್ದು ಒಂದೇ ಒಂದು ದಿನ. ಅಷ್ಟರಲ್ಲಿ ಅವರ ಬಿತ್ತಿಗೆಯ ಲೆಕ್ಕವೆಲ್ಲ ಬುಡಮೇಲಾಗಿದೆ. ಎರಡಕ್ಕೂ ಹೊಂದಿಕೆಯಾಗುವುದಿಲ್ಲ. ಮೇಲಾಗಿ ಈ ಚಕ್ರ ಈಗ ಇರುವ ಮಜಲಿನಲ್ಲಿ ಉತ್ತರಾರ್ಧಗೋಳದ ಬೇಸಿಗೆ ಸಾವಿರಾರು ವರ್ಷಗಳಿಂದ ಮೆಲ್ಲಗೆ ತಣಿಯುತ್ತ ಬರಬೇಕಿತ್ತು.

ಸೂರ್ಯನೇ ಹೆಚ್ಚು ಉರಿಯುತ್ತಿರಬಹುದಲ್ಲ ಎನ್ನುವವರಿದ್ದಾರೆ. 1978ರಿಂದ ಉಪಗ್ರಹಗಳು ಸೂರ್ಯನ ಶಾಖವನ್ನು ಅಳೆಯುತ್ತಿವೆ. ಹನ್ನೊಂದು ವರ್ಷದ ಲಯದಲ್ಲಿ ಅದು ನೂರಕ್ಕೆ 0.1ರಷ್ಟು ಏರಿಳಿಯುತ್ತದೆ, ಏರುಮುಖವಾಗಿ ಹೋಗುತ್ತಿಲ್ಲ. ಜ್ವಾಲಾಮುಖಿಗಳೋ, 1991ರಲ್ಲಿ ಫಿಲಿಪ್ಪೀನ್ಸಿನ ಪಿನಟುಬೊ ಸಿಡಿದಾಗ ಅದರ ಧೂಳುಮಂಜು ಬಿಸಿಲನ್ನು ತಡೆದು ಒಂದೆರಡು ವರ್ಷ ಜಗತ್ತು ತಂಪಾಗಿತ್ತು.

ಚಕ್ರವೂ ಅಲ್ಲ, ಸೂರ್ಯನೂ ಅಲ್ಲ, ಜ್ವಾಲಾಮುಖಿಯೂ ಅಲ್ಲವಾದರೆ ಕಾರಣ ಯಾವುದು? ಅದರ ಸಾಕ್ಷಿ ಹುಡುಕಲು ಇನ್ನು ಸವಣೂರಿಗೆ ಹೋಗಬೇಕು.

ಸವಣೂರು ಎಂದರೆ ಖಾರ, ಎಲೆ, ನವಾಬರು, ಕವಿ ಗೋಕಾಕರು. ಅಷ್ಟೇ ಹೆಸರಾದದ್ದು ಅಲ್ಲಿನ ದೊಡ್ಡಹುಣಸೆ ಮರಗಳು. ಮಠದ ಆವರಣದಲ್ಲಿ ನಿಂತ ಆ ಆಫ್ರಿಕಾ ಮೂಲದ ಮರಗಳಿಗೆ ಆನೆಯ ಮೈಯಂಥ ಬುಡ. ಸಾವಿರಾರು ವರ್ಷ ಹಳೆಯವು ಎಂಬುದು ಊರಿನ ನಂಬಿಕೆ. ಈಚಿನ ಒಂದು ಮಳೆಗಾಲದಲ್ಲಿ ಮೂರರಲ್ಲಿ ಒಂದು ಮರ ಬುಡಸಮೇತ ಉರುಳಿದಾಗ ಜನ ಮನೆಯ ಹಿರಿಯರೊಬ್ಬರು ಬಿದ್ದಂತೆ ಮರುಗಿದರು, ಅದನ್ನು ಎತ್ತಿ ಮತ್ತೆ ನೆಡುವ ಕೆಲಸವೂ ನಡೆಯಿತು. ಇಂಥ ಮರಗಳ ವಯಸ್ಸನ್ನು ಉಂಗುರ ಎಣಿಸಿ ಹೇಳುವುದು ಕಷ್ಟ, ಒಳಗೆಲ್ಲ ಪೊಟರೆ. ಅದಕ್ಕಾಗಿ ಆಫ್ರಿಕಾದಲ್ಲಿ ವಿಜ್ಞಾನಿಗಳು ಕಟ್ಟಿಗೆಯ ಚೂರಿನಲ್ಲಿರುವ ಇಂಗಾಲ-14ನ್ನು ಅಳೆಯುತ್ತಾರೆ. ಆಕಾಶದಿಂದ ಬೀಳುವ ಕಿರಣಗಳಿಂದ ಗಾಳಿಯಲ್ಲಿ ಈ ಬಗೆಯ ಇಂಗಾಲ ಹುಟ್ಟುತ್ತದೆ. ಉಸಿರಾಡುವ ಗಿಡಮರಗಳ ಒಳಗೆಲ್ಲ ಸೇರುತ್ತದೆ. ಜೀವ ಹೋದ ಮೇಲೆ ಹೊಸದು ಸೇರುವುದಿಲ್ಲ, ಇದ್ದದ್ದು 5,730 ವರ್ಷಕ್ಕೆ ಅರ್ಧದಂತೆ ಸವೆಯುತ್ತದೆ. ಐವತ್ತು ಸಾವಿರ ವರ್ಷ ಕಳೆದರೆ ಅಳೆಯಲು ಏನೂ ಉಳಿಯುವುದಿಲ್ಲ.

ಕಲ್ಲಿದ್ದಲು ಎಂದರೆ ಕೋಟ್ಯಂತರ ವರ್ಷದ ಹಿಂದೆ ಹೂತುಹೋದ ಕಾಡು. ಅದರಲ್ಲಿ ಇಂಗಾಲ-14 ಚೂರೂ ಇಲ್ಲ. ಪೆಟ್ರೋಲ್, ಡೀಸೆಲ್ಲಿನಲ್ಲೂ ಇಲ್ಲ. ಹೀಗಾಗಿ ಗಾಳಿಗೆ ಹೊಸದಾಗಿ ಸೇರುತ್ತಿರುವ ಇಂಗಾಲ ಎಲ್ಲಿಯದು ಎಂಬುದಕ್ಕೆ ಮರಗಳೇ ಸಾಕ್ಷಿ ಹೇಳಬಲ್ಲವು. ಹ್ಯಾನ್ಸ್ ಸ್ಯೂಸ್ ಎಂಬ ರಸಾಯನ ವಿಜ್ಞಾನಿ 1955ರಲ್ಲಿ ಇದನ್ನು ತೋರಿಸಿದರು. ಕೈಗಾರಿಕೆಗಳ ಕಾಲದಲ್ಲಿ ಬೆಳೆದ ಮರದ ಉಂಗುರಗಳಲ್ಲಿ ಇಂಗಾಲ-14ರ ಪಾಲು ಹಿಂದಿನದಕ್ಕಿಂತ ಕಡಿಮೆಯಾಗಿತ್ತು. ಹಾಲಿಗೆ ನೀರು ಬೆರೆಸಿದಾಗ ಹಾಲು ತೆಳುವಾಗುತ್ತದಲ್ಲ, ಹಾಗೆ ಸತ್ತ ಕಾಡಿನ ಇಂಗಾಲ ಬೆರೆತು ಗಾಳಿಯ ಹೊಸ ಇಂಗಾಲ ತೆಳುವಾಗಿತ್ತು. ಇಂಗಾಲ-13 ಎಂಬ ಮತ್ತೊಂದು ಬಗೆಯದೂ ಇದೇ ಸಾಕ್ಷಿ. ಗಿಡಗಳು ಅದನ್ನು ಕಡಿಮೆ ಹೀರುವುದರಿಂದ ಗಿಡದಿಂದಾದ ಕಲ್ಲಿದ್ದಲಿನಲ್ಲೂ ಅದು ಕಡಿಮೆ. ಗಾಳಿಯಲ್ಲಿ ಅದರ ಪಾಲು ವರ್ಷದಿಂದ ವರ್ಷಕ್ಕೆ ಇಳಿಯುತ್ತಿದೆ. ಜ್ವಾಲಾಮುಖಿಯಿಂದ ಬಂದ ಇಂಗಾಲವಾಗಿದ್ದರೆ ಹೀಗೆ ಇಳಿಯುತ್ತಿರಲಿಲ್ಲ. ಬೆರಳಚ್ಚು ಸಿಕ್ಕ ಮೇಲೆ ಕಳ್ಳನ ಹೆಸರಿನ ಬಗ್ಗೆ ವಾದ ಉಳಿಯುವುದಿಲ್ಲ.

ಹೆಚ್ಚಾದದ್ದು ಎಷ್ಟು? ಅಂಟಾರ್ಟಿಕದ ಹಿಮದ ಗುಳ್ಳೆಗಳಲ್ಲಿ ಸಿಕ್ಕಿಬಿದ್ದ ಹಳೆಯ ಗಾಳಿಯನ್ನು ಅಳೆದು ಎಂಟು ಲಕ್ಷ ವರ್ಷದ ಲೆಕ್ಕ ತೆಗೆದಿದ್ದಾರೆ. ಅಷ್ಟೂ ಕಾಲ, ಹಿಮಯುಗಗಳು ಬಂದು ಹೋದರೂ, ಗಾಳಿಯ ಹತ್ತು ಲಕ್ಷ ಪಾಲಿನಲ್ಲಿ ಇಂಗಾಲದ ಡೈಆಕ್ಸೈಡು 300ರ ಆಸುಪಾಸನ್ನು ಮೀರಿ ಹೋಗಲಿಲ್ಲ. ಉಗಿ ಯಂತ್ರಗಳು ಬರುವ ಮೊದಲು 280 ಇತ್ತು. 1958ರಲ್ಲಿ ಚಾರ್ಲ್ಸ್ ಕೀಲಿಂಗ್ ಹವಾಯಿಯ ಮೌನಾ ಲೋವಾದಲ್ಲಿ ಅಳೆಯಲು ಕೂತಾಗ ಸುಮಾರು 315. 2024ರ ಸರಾಸರಿ 424 ದಾಟಿತು.

ಹಿಮದ ದಾಖಲೆಯನ್ನೇ ತೋರಿಸಿ ಕೆಲವರು ಎದುರು ಪ್ರಶ್ನೆ ಹಾಕುತ್ತಾರೆ: ಹಿಮಯುಗ ಮುಗಿಯುವಾಗ ಮೊದಲು ಬಿಸಿ ಏರಿತು, ಇಂಗಾಲ ಆಮೇಲೆ ಏರಿತು, ಹಾಗಾದರೆ ಇಂಗಾಲ ಕಾರಣವಾಗುವುದು ಹೇಗೆ? ಪ್ರಶ್ನೆ ಸರಿಯಾದದ್ದೇ. ಆಗ ಚಾಲನೆ ಕೊಟ್ಟದ್ದು ಭೂಮಿಯ ತೂರಾಟ. ಸಮುದ್ರ ಕಾದಂತೆ ಅದರೊಳಗಿನ ಇಂಗಾಲ ಹೊರಬಂತು, ಬಂದ ಇಂಗಾಲ ಬಿಸಿಯನ್ನು ಇನ್ನಷ್ಟು ಏರಿಸಿತು. ಹುಲ್ಲಿನ ಬಣವಿಗೆ ಸಿಡಿಲಿನಿಂದಲೂ ಬೆಂಕಿ ಹತ್ತುತ್ತದೆ, ಬೀಡಿಯಿಂದಲೂ ಹತ್ತುತ್ತದೆ. ಈ ಬಾರಿ ಇಂಗಾಲ ಮೊದಲು ಏರಿದೆ. ನಾವು ಏರಿಸಿದ್ದೇವೆ.

ಇಂಗಾಲ ಬಿಸಿಯನ್ನು ಹಿಡಿದಿಡುತ್ತದೆ ಎಂಬುದು ಹೊಸ ರಾಜಕೀಯವೂ ಅಲ್ಲ. 1856ರಲ್ಲಿ ಅಮೆರಿಕದ ಯೂನಿಸ್ ಫೂಟ್ ಎಂಬ ಹೆಣ್ಣುಮಗಳು ಗಾಜಿನ ಕೊಳವೆಗಳಲ್ಲಿ ಈ ಅನಿಲ ತುಂಬಿ ಬಿಸಿಲಿಗಿಟ್ಟು ತೋರಿಸಿದಳು. 1896ರಲ್ಲಿ ಸ್ವೀಡನ್ನಿನ ಅರೇನಿಯಸ್ ಕೈಲೆಕ್ಕದಲ್ಲೇ ಇಡೀ ಭೂಮಿಗೆ ಅನ್ವಯಿಸಿದರು. ನಮ್ಮ ಒಕ್ಕಲಿಗರಿಗೆ ಇದನ್ನು ವಿವರಿಸುವುದು ಸುಲಭ. ಹಿಂಗಾರಿ ಕಡಲೆಗೆ ಇಬ್ಬನಿ ಬೀಳುವುದು ಆಕಾಶ ತಿಳಿಯಾದ ರಾತ್ರಿ, ಮೋಡ ಮುಚ್ಚಿದ ರಾತ್ರಿ ಸೆಕೆ. ನೆಲದ ಕಾವು ಮೇಲೆ ಹೋಗದಂತೆ ಮೋಡ ಕಂಬಳಿ ಹೊದಿಸುತ್ತದೆ. ಇಂಗಾಲದ್ದು ಕಣ್ಣಿಗೆ ಕಾಣದ ಕಂಬಳಿ. ಸೂರ್ಯನೇ ಕಾರಣವಾಗಿದ್ದರೆ ವಾಯುಮಂಡಲ ಬುಡದಿಂದ ತುದಿಯವರೆಗೆ ಕಾಯಬೇಕಿತ್ತು. ಕಂಬಳಿ ಕಾರಣವಾಗಿದ್ದರೆ ಒಳಗೆ ಬಿಸಿ, ಹೊರಗೆ ತಂಪು. ಸ್ಯುಕುರೊ ಮನಾಬೆ 1967ರಲ್ಲೇ ಮೇಲಿನ ಪದರ ತಣಿಯುತ್ತದೆ ಎಂದು ಲೆಕ್ಕ ಹಾಕಿದ್ದರು. ಉಪಗ್ರಹ, ಬಲೂನುಗಳ ಅಳತೆಯಲ್ಲಿ ಅದೇ ಕಂಡಿತು. 2021ರಲ್ಲಿ ಅವರಿಗೆ ನೊಬೆಲ್ ಬಂತು. ಅದೇ ವರ್ಷ ವಿಶ್ವಸಂಸ್ಥೆಯ ಹವಾಮಾನ ಸಮಿತಿ ತೂಕ ಹಾಕಿ ಹೇಳಿದ್ದು ಇಷ್ಟು: 2010ರ ದಶಕದವರೆಗಿನ ಏರಿಕೆಯಲ್ಲಿ ಮನುಷ್ಯರ ಪಾಲು ಸುಮಾರು 1.07 ಡಿಗ್ರಿ. ಸೂರ್ಯ, ಜ್ವಾಲಾಮುಖಿ ಎರಡೂ ಸೇರಿ ಮಾಡಿದ್ದು ಹೆಚ್ಚೆಂದರೆ 0.1 ಡಿಗ್ರಿ ಅತ್ತ, ಇಲ್ಲವೇ ಇತ್ತ.

ಹಾಗಾದರೆ ದೊಡ್ಡಪ್ಪ ಕಂಡ ಬರ, ನೆರೆಗಳು? ಹಾನಗಲ್ಲಿನ ಆನೆಕೆರೆಯ ದಂಡೆಯ ಮೇಲೆ ಕೂತು ಯೋಚಿಸಿದರೆ ಇದು ನನಗೆ ತಿಳಿಯಾಗುತ್ತದೆ. ಗಾಳಿ ಬೀಸಿದರೆ ಕೆರೆಯಲ್ಲಿ ತೆರೆ ಏಳುತ್ತದೆ, ಇಳಿಯುತ್ತದೆ. ಎಲ್ ನಿನೊ ಅಂಥ ತೆರೆ. 1877ರಲ್ಲಿ ಎದ್ದಿತ್ತು, 1972ರಲ್ಲಿ, 2015ರಲ್ಲಿ, 2023ರಲ್ಲೂ ಎದ್ದಿತು. ಆದರೆ ಈಗ ಕೆರೆಯ ನೀರಿನ ಮಟ್ಟವೇ ಏರಿದೆ. ಮೊದಲು ದಂಡೆಗೆ ತಾಕಿ ಹಿಂದೆ ಸರಿಯುತ್ತಿದ್ದ ತೆರೆ ಈಗ ಏರಿಯ ಮೇಲೆ ಹಾಯುತ್ತದೆ. 2023ರ ಆಗಸ್ಟ್ ದೇಶದಲ್ಲಿ 1901ರಿಂದೀಚೆಗೆ ಅತಿ ಒಣ ಆಗಸ್ಟ್. ಕರ್ನಾಟಕದ 223 ತಾಲೂಕುಗಳನ್ನು ಬರಪೀಡಿತ ಎಂದು ಸಾರಬೇಕಾಯಿತು. ಅದಕ್ಕೆ ನಾಲ್ಕು ವರ್ಷ ಮುಂಚೆ, 2019ರ ಆಗಸ್ಟಿನಲ್ಲಿ, ಇದೇ ನೆಲದಲ್ಲಿ ವರದಾ, ಧರ್ಮಾ ಹೊಳೆಗಳು ದಂಡೆ ಮೀರಿ ಊರುಗಳಿಗೆ ನುಗ್ಗಿದ್ದವು. ಗಾಳಿ ಒಂದು ಡಿಗ್ರಿ ಬಿಸಿಯಾದರೆ ನೂರಕ್ಕೆ ಏಳರಷ್ಟು ಹೆಚ್ಚು ತೇವ ಹಿಡಿಯಬಲ್ಲದು. ಹಿಡಿದದ್ದನ್ನು ಸುರಿಯುವಾಗ ಒಮ್ಮೆಲೇ ಸುರಿಯುತ್ತದೆ. ಪುಣೆಯ ಉಷ್ಣವಲಯ ಹವಾಮಾನ ಸಂಸ್ಥೆಯ ರಾಕ್ಸಿ ಮ್ಯಾಥ್ಯೂ ಕೋಲ್ ಮತ್ತು ಸಂಗಡಿಗರು 2017ರಲ್ಲಿ ತೋರಿಸಿದಂತೆ, ಮಧ್ಯ ಭಾರತದಲ್ಲಿ ವ್ಯಾಪಕವಾದ ಅತಿವೃಷ್ಟಿಯ ಪ್ರಸಂಗಗಳು 1950ರಿಂದ 2015ರ ನಡುವೆ ಮೂರು ಪಟ್ಟಾಗಿವೆ. ಅದಕ್ಕೆ ತೇವ ಒದಗಿಸಿದ್ದು ನಮ್ಮ ಪಕ್ಕದ ಅರಬ್ಬಿ ಸಮುದ್ರ.

ಎಲ್ಲವನ್ನೂ ಇಂಗಾಲದ ತಲೆಗೆ ಕಟ್ಟಿದರೂ ತಪ್ಪಾಗುತ್ತದೆ. ಹಿರೇಕೆರೂರು ಸೀಮೆಯ ಮದಗ ಮಾಸೂರು ಕೆರೆಯನ್ನು ನೋಡಿ. ಗುಡ್ಡಗಳ ನಡುವೆ ಕುಮುದ್ವತಿಯನ್ನು ತಡೆದು ವಿಜಯನಗರ ಕಾಲದಲ್ಲಿ ಕಟ್ಟಿದ ಕೆರೆ. ಏರಿ ಒಡೆದು ಹಿಂದಿನ ವಿಸ್ತಾರ ಇಂದು ಉಳಿದಿಲ್ಲ. ನಮ್ಮ ಊರುಗಳ ಸಣ್ಣ ಕೆರೆಗಳು ಹೂಳು ತುಂಬಿ, ಒತ್ತುವರಿಯಾಗಿ, ಹೊಡೆದ ಮಳೆಯನ್ನು ಹಿಡಿಯಲಾರದೆ ಕೂತಿವೆ. ಜೋಳ, ಸಾವೆ, ನವಣೆ, ಅವರೆ ಒಟ್ಟಿಗೇ ಬೆಳೆಯುತ್ತಿದ್ದ ಹೊಲಗಳಲ್ಲಿ ಗೋವಿನಜೋಳ ಒಂದೇ ನಿಂತಿದೆ. ಅದು ತೆನೆ ಕಟ್ಟುವ ಹೊತ್ತಿಗೆ ಹದಿನೈದು ದಿನ ಮಳೆ ತಪ್ಪಿದರೆ ಕೈಗೆ ದಂಟು. ಇದೂ ಮನುಷ್ಯರ ಕೆಲಸವೇ, ಆದರೆ ಇದರ ಕೀಲಿ ನಮ್ಮ ಪಂಚಾಯಿತಿಯಲ್ಲಿದೆ. ಇಂಗಾಲದ ಕೀಲಿ ದೂರದಲ್ಲಿದೆ.

ಇಲ್ಲಿ ನನಗೆ ಸಿಟ್ಟು ಬರುತ್ತದೆ. ಮನುಷ್ಯರೇ ಕಾರಣ ಎಂದು ಹೇಳುವಾಗ ಯಾವ ಮನುಷ್ಯರು ಎಂದು ಕೇಳದಿದ್ದರೆ ಅದು ಅರ್ಧ ಸತ್ಯ. ಸರಾಸರಿ ಭಾರತೀಯನ ಲೆಕ್ಕಕ್ಕೆ ವರ್ಷಕ್ಕೆ ಸುಮಾರು ಎರಡು ಟನ್ ಇಂಗಾಲದ ಡೈಆಕ್ಸೈಡು ಬಂದರೆ ಅಮೆರಿಕದವನ ಲೆಕ್ಕಕ್ಕೆ ಅದರ ಏಳು ಪಟ್ಟು. ಸವಣೂರಿನಲ್ಲಿ ಎಲೆ ಕೊಯ್ದು ಕಟ್ಟು ಕಟ್ಟುವ ಹೆಂಗಸು ಆ ಸರಾಸರಿಯ ಹತ್ತಿರಕ್ಕೂ ಬರುವುದಿಲ್ಲ. ಗಾಳಿಯಲ್ಲಿ ಈಗಿರುವ ಹೆಚ್ಚುವರಿ ಇಂಗಾಲದ ದೊಡ್ಡ ಪಾಲು ಅವಳ ಅಜ್ಜಿ ಹುಟ್ಟುವ ಮೊದಲಿನಿಂದಲೂ ಬೇರೆ ಖಂಡಗಳ ಚಿಮಣಿಗಳಿಂದ ಬಂದದ್ದು. ಚಕ್ರ ಎಂದು ಕೈಚೆಲ್ಲಿದರೆ ಬರ ಪರಿಹಾರ ಭಿಕ್ಷೆಯಾಗುತ್ತದೆ. ಕಾರಣ ಗೊತ್ತಿದ್ದರೆ ಅದು ಬಾಕಿ. ನಮ್ಮ ರೈತರು ಬಾಕಿ ಕೇಳುವ ಧ್ವನಿಯಲ್ಲೇ ಕೇಳಬೇಕು.

ಇದನ್ನೆಲ್ಲ ದೊಡ್ಡಪ್ಪನಿಗೆ ಹೇಳಿ ಮುಗಿಸುವಷ್ಟರಲ್ಲಿ ರಾತ್ರಿ ಹತ್ತಾಗಿತ್ತು. ಸೆಕೆಗೆ ಹೊರಸನ್ನು ಅಂಗಳಕ್ಕೆ ತಂದಿದ್ದರು. ಸಂವತ್ಸರದ ಮಾತು ಬಿಟ್ಟಿದ್ದರು. ಮಿರಗ ಒಂದು ದಿನ ಸರಿಯಲು 72 ವರ್ಷ ಬೇಕು ಎಂಬುದನ್ನು ಮಾತ್ರ ಮತ್ತೊಮ್ಮೆ ಕೇಳಿ ಖಚಿತ ಮಾಡಿಕೊಂಡರು. ಆಮೇಲೆ ಒಳಗಿನಿಂದ ಈ ವರ್ಷದ ಪಂಚಾಂಗ, ಸೀಸದಕಡ್ಡಿ ತರಿಸಿದರು.

“ಆ ಹವಾಯಿದಾಗ ಅಳದ ಲೆಕ್ಕ ಹೇಳಿದೆಲ್ಲ, ಅದನ್ನ ಮಿರಗದ ಬಾಜೂಕ ಬರಿ,” ಎಂದರು. ಬರೆದೆ. “ನಾ ಸಣ್ಣಾವ ಇದ್ದಾಗಿಂದೂ ಬರಿ. ಕೆಳಗ ಜಾಗಾ ಬಿಡು, ಮುಂದಿನ ವರ್ಷದ್ದು ಬರಿಯಾಕ.”